ಚಿಕ್ಕಪ್ಪನ ನರ್ಸರಿಗೆ ಒಂದು ಪುಟದ ವೆಬ್‌ಸೈಟ್: ಕಟ್ಟಿದ ಬಗೆ, ಆದ ಖರ್ಚು

ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ರಸ್ತೆ ಬದಿಯಲ್ಲಿ ನಮ್ಮ ಚಿಕ್ಕಪ್ಪನ ಸಸಿ ನರ್ಸರಿ ಇದೆ. ತೆಂಗು, ಅಡಿಕೆ, ಕಸಿ ಮಾವು, ಕಸಿ ಹಲಸು, ನಿಂಬೆ, ನುಗ್ಗೆ, ಕರಿಬೇವು, ಒಂದಷ್ಟು ಹೂವಿನ ಗಿಡ. ಮುಂಗಾರು ಶುರುವಾಗುವ ಹೊತ್ತಿಗೆ ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟೆ. ನಾನು ಲೆಕ್ಕಪತ್ರ ನೋಡುವವಳು. ಎಕ್ಸೆಲ್ ಚೆನ್ನಾಗಿ ಬರುತ್ತದೆ, ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಇದೇ ಮೊದಲು. ಕೊನೆಗೆ ನಿಂತದ್ದು ಇಷ್ಟು: ಒಂದು ಪುಟ, ಒಂದು ದರಪಟ್ಟಿ, ಆರು ಫೋಟೊ, ಎರಡು ಬಟನ್. ಹೋಸ್ಟಿಂಗ್‌ಗೆ, ಅಂದರೆ ಪುಟವನ್ನು ಇಂಟರ್ನೆಟ್‌ನಲ್ಲಿ ಇಡುವ ಜಾಗಕ್ಕೆ, ದುಡ್ಡು ಕೊಡುತ್ತಿಲ್ಲ. ಡೊಮೇನ್ ಹೆಸರಿಗೆ, ಅಂದರೆ ಸೈಟಿನ ವಿಳಾಸಕ್ಕೆ, ಕೊಡುವುದಷ್ಟೇ ವರ್ಷದ ಖರ್ಚು. ಅದು 1,000 ರೂಪಾಯಿ ಒಳಗೇ ಮುಗಿಯುತ್ತದೆ.

ನಿಮ್ಮ ಮನೆಯಲ್ಲೂ ಒಂದು ಗಾಣವೋ, ಹೊಲಿಗೆ ಅಂಗಡಿಯೋ, ಹಪ್ಪಳ ಮಾಡುವವರೋ ಇದ್ದರೆ ಇದು ಉಪಯೋಗಕ್ಕೆ ಬರಲಿ ಅಂತ ಕೆಲಸ ಮಾಡಿದ ಕ್ರಮದಲ್ಲೇ ಬರೆದಿದ್ದೇನೆ.

ಮೊದಲು ಫೋನ್ ಪಕ್ಕ ಕೂತದ್ದು

ಕಂಪ್ಯೂಟರ್ ತೆರೆಯುವ ಮೊದಲು ನರ್ಸರಿಗೆ ಹೋಗಿ ಚಿಕ್ಕಮ್ಮನ ಪಕ್ಕ ಕೂತೆ. ಫೋನ್ ಎತ್ತುವುದು ಅವರೇ. ಬಂದ ಕರೆಗಳಲ್ಲಿ ಏನು ಕೇಳುತ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ತೆಂಗಿನ ಸಸಿ ಇದ್ಯಾ?" "ಒಂದಕ್ಕೆ ಎಷ್ಟು?" "ಎಲ್ಲಿ ಬರುತ್ತೆ, ಬಸ್ಸು ನಿಲ್ಲುತ್ತಾ?" "ಭಾನುವಾರ ಇರ್ತೀರಾ?" "ನೂರು ಸಸಿ ತಗೊಂಡ್ರೆ ಗಾಡಿ ಮಾಡಿ ಕಳಿಸ್ತೀರಾ?" ಸುತ್ತಿ ಬಳಸಿ ಇವೇ. ಚಿಕ್ಕಪ್ಪ ಫೋನ್ ತೆಗೆದುಕೊಂಡು ಉದ್ದಕ್ಕೆ ಮಾತಾಡುವುದು ಒಂದೇ ವಿಷಯಕ್ಕೆ, ಒಳ್ಳೆಯ ತೆಂಗಿನ ಸಸಿ ಗುರುತಿಸುವುದು ಹೇಗೆ ಅನ್ನುವುದಕ್ಕೆ. ವರ್ಷ ತುಂಬುವ ಹೊತ್ತಿಗೆ ಸಸಿಯಲ್ಲಿ ಆರು ಎಲೆಯಾದರೂ ಇರಬೇಕು, ಬುಡದ ಸುತ್ತಳತೆ 10 ಸೆಂಟಿಮೀಟರ್ ದಾಟಿರಬೇಕು, ಎಲೆ ಬೇಗ ಸೀಳಿಕೊಂಡಿದ್ದರೆ ಇನ್ನೂ ಒಳ್ಳೆಯದು. ಇದನ್ನು ಪ್ರತಿ ಸಲವೂ ಅಷ್ಟೇ ಆಸಕ್ತಿಯಿಂದ ಹೇಳುತ್ತಾರೆ.

ಆ ನೋಟ್‌ಬುಕ್ ಪುಟವೇ ವೆಬ್‌ಸೈಟಿನ ನಕ್ಷೆ ಆಯಿತು. ಮೇಲೆ ಹೆಸರು, ಊರು, ತೆರೆದಿರುವ ಹೊತ್ತು. ಅದರ ಕೆಳಗೇ ಫೋನ್ ಮತ್ತು ವಾಟ್ಸ್‌ಆ್ಯಪ್ ಬಟನ್. ಆಮೇಲೆ ದರಪಟ್ಟಿ, ದಾರಿ, ಸಾಗಣೆ. ಕೊನೆಗೆ ಸಸಿ ಆರಿಸುವ ಬಗ್ಗೆ ಚಿಕ್ಕಪ್ಪನ ಮಾತು. ಫೋನಿನಲ್ಲಿ ಯಾರೂ ಕೇಳದ ವಿಷಯವನ್ನು ಪುಟದಲ್ಲಿ ಹಾಕಲಿಲ್ಲ. ತಾನಾಗಿ ಸರಿಯುವ ಫೋಟೊಗಳು, "ಸ್ವಾಗತ" ಅನ್ನುವ ದೊಡ್ಡ ಚಿತ್ರ, ನಮ್ಮ ಧ್ಯೇಯ, ನಮ್ಮ ದೃಷ್ಟಿ, ಯಾವುದೂ ಇಲ್ಲ. ಆನ್‌ಲೈನ್ ಆರ್ಡರ್ ಕೂಡ ಇಲ್ಲ. ಗಿಡ ಕೊಳ್ಳುವವರು ಬಂದು ನೋಡಿ, ಬುಡ ಮುಟ್ಟಿ, ತಾವೇ ಆರಿಸಿಕೊಳ್ಳುತ್ತಾರೆ. ಜಾಸ್ತಿ ತಗೊಂಡರೆ ಬೆಲೆ ಬೇರೆ ಆಗುತ್ತದೆ. ಇಂಥ ವ್ಯಾಪಾರಕ್ಕೆ ಕಾರ್ಟ್, ಪೇಮೆಂಟ್ ಅಂತ ಇಟ್ಟರೆ ಖರ್ಚು, ತಲೆನೋವು ಎರಡೂ ನಮಗೇ.

ನೀವು ಯಾರಿಗಾದರೂ ವೆಬ್‌ಸೈಟ್ ಮಾಡಿಕೊಡುವುದಿದ್ದರೆ ಈ ಹೆಜ್ಜೆಯನ್ನು ಬಿಡಬೇಡಿ. ಪುಟದಲ್ಲಿ ಏನಿರಬೇಕು ಅಂತ ಗ್ರಾಹಕರೇ ದಿನವೂ ಹೇಳುತ್ತಿರುತ್ತಾರೆ. ಕೇಳಿಸಿಕೊಂಡು ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಯಾವುದರಲ್ಲಿ ಕಟ್ಟುವುದು

ದಾರಿಗಳು ಹಲವಿವೆ. ತಿಂಗಳಿಗಿಷ್ಟು ಅಂತ ದುಡ್ಡು ಕಟ್ಟಿಸಿಕೊಂಡು, ಪುಟದ ಭಾಗಗಳನ್ನು ಎಳೆದು ಕೂರಿಸಲು ಬಿಡುವ ಸಿದ್ಧ ವೇದಿಕೆಗಳು ಒಂದು. ಇವತ್ತು ಸುಲಭ, ಆದರೆ ದುಡ್ಡು ಕಟ್ಟುವುದು ನಿಲ್ಲಿಸಿದ ದಿನ ಪುಟವೂ ಹೋಗುತ್ತದೆ. ಇನ್ನೊಂದು ವರ್ಡ್‌ಪ್ರೆಸ್ ಅನ್ನುವ, ಸೈಟು ನಡೆಸುವ ತಂತ್ರಾಂಶ. ವಾರವಾರ ಬರೆಯುವವರಿಗೆ ಅದು ಒಳ್ಳೆಯ ಸಾಧನ. ಆದರೆ ಅದಕ್ಕೆ ಡೇಟಾಬೇಸ್ ಬೇಕು, ಹೋಸ್ಟಿಂಗ್ ಬೇಕು, ಪ್ಲಗಿನ್ ಅನ್ನುವ ಸೇರ್ಪಡೆಗಳನ್ನು ಆಗಾಗ ಅಪ್‌ಡೇಟ್ ಮಾಡುತ್ತಿರಬೇಕು. ನರ್ಸರಿಯಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲ. ನೋಡಿಕೊಳ್ಳುವವರಿಲ್ಲದ ವರ್ಡ್‌ಪ್ರೆಸ್ ಸೈಟು ಹ್ಯಾಕ್ ಆಗುವುದು ಸುಲಭ. ಗೂಗಲ್ ಸೈಟ್ಸ್ ಪುಕ್ಕಟೆ. ಕೋಡ್ ಮುಟ್ಟುವುದೇ ಬೇಡ ಅನ್ನುವವರು ಧೈರ್ಯವಾಗಿ ಅದನ್ನೇ ಬಳಸಬಹುದು.

ನಾನು ಎಚ್‌ಟಿಎಂಎಲ್ ಮತ್ತು ಪುಟದ ಬಣ್ಣ, ಗಾತ್ರ ಹೇಳುವ ಸಿಎಸ್‌ಎಸ್‌ನಲ್ಲಿ ಬರೆದೆ, ದರಪಟ್ಟಿಗೆ ಮಾತ್ರ ಸ್ವಲ್ಪ ಜಾವಾಸ್ಕ್ರಿಪ್ಟ್ ಕೋಡ್. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1991ರಲ್ಲಿ ಸರ್ನ್ ಪ್ರಯೋಗಾಲಯದಿಂದ ಎಲ್ಲರಿಗೂ ತೆರೆದಿಟ್ಟ ಮೊದಲ ವೆಬ್ ಪುಟ ಇವತ್ತಿನ ಮೊಬೈಲ್ ಬ್ರೌಸರ್‌ನಲ್ಲೂ ತೆರೆಯುತ್ತದೆ. ಸಾದಾ ಎಚ್‌ಟಿಎಂಎಲ್ ಅಷ್ಟು ಬಾಳಿಕೆಯದು. ಕಲಿಯಲು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಎಂಡಿಎನ್ ಅನ್ನುವ ಪಾಠದ ಪುಟಗಳು ಸಾಕಾದವು. ಅವು ಇಂಗ್ಲಿಷಿನಲ್ಲಿವೆ, ಆದರೆ ಉದಾಹರಣೆಗಳನ್ನು ಅಲ್ಲೇ ಬದಲಾಯಿಸಿ ನೋಡಬಹುದು. ಶೀರ್ಷಿಕೆ, ಪ್ಯಾರಾ, ಕೊಂಡಿ, ಚಿತ್ರ, ಟೇಬಲ್ ಈ ಐದರ ಟ್ಯಾಗ್, ಅಂದರೆ ಎಚ್‌ಟಿಎಂಎಲ್ ಗುರುತು, ಬಂದರೆ ಇಂಥ ಪುಟ ಎದ್ದು ನಿಲ್ಲುತ್ತದೆ.

ಬರೆಯಲು ವಿಎಸ್ ಕೋಡ್ ಅನ್ನುವ ತಂತ್ರಾಂಶ ಹಾಕಿಕೊಂಡೆ, ಅದೂ ಪುಕ್ಕಟೆ. ನೋಟ್‌ಪ್ಯಾಡ್ ಕೂಡ ಸಾಕು, ಆದರೆ ಒಂದು ವಿಷಯ ನೋಡಿಕೊಳ್ಳಿ. 2019ರ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ನೋಟ್‌ಪ್ಯಾಡ್ ಕಡತಗಳನ್ನು ಯುಟಿಎಫ್-8 ಅನ್ನುವ, ಕನ್ನಡವನ್ನೂ ಹಿಡಿದಿಡುವ ಅಕ್ಷರ ಸಂಕೇತದಲ್ಲೇ ಉಳಿಸುತ್ತದೆ. ಅದಕ್ಕಿಂತ ಹಳೆಯದಾದರೆ ಉಳಿಸುವಾಗ ನಾವೇ ಯುಟಿಎಫ್-8 ಅಂತ ಆರಿಸಬೇಕು. ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತದೆ.

ನುಡಿಯಿಂದ ಯುನಿಕೋಡ್‌ಗೆ

ಕನ್ನಡದ ಸೈಟು ಮಾಡುವವರಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಇದೇ ಅಂತ ನನಗೆ ಅನ್ನಿಸಿತು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿಕ್ಕಪ್ಪನ ಹತ್ತಿರ ದರಪಟ್ಟಿ, ಸಸಿ ನೆಡುವ ವಿಧಾನದ ಕರಪತ್ರ ಎರಡೂ ಇದ್ದವು. ಡಿಟಿಪಿ ಅಂಗಡಿಯಲ್ಲಿ ಮಾಡಿಸಿದ ಹಳೆಯ ವರ್ಡ್ ಕಡತಗಳು. ತೆರೆದರೆ ಚೆಂದದ ಕನ್ನಡ. ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ವಿಚಿತ್ರ ಚಿಹ್ನೆಗಳ ರಾಶಿ. ಕಾರಣ ಇಷ್ಟೇ: ಹಳೆಯ ನುಡಿ ತಂತ್ರಾಂಶದ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಕಡತದ ಒಳಗಿರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಕಂಪ್ಯೂಟರ್‌ಗಳು ಕನ್ನಡವನ್ನೇ ಅರಿಯದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನವರ ನುಡಿ, ಶೇಷಾದ್ರಿವಾಸು ಅವರ ಬರಹ ತಂತ್ರಾಂಶಗಳು ಇಲ್ಲದಿದ್ದರೆ ನಾವು ಕನ್ನಡದಲ್ಲಿ ಟೈಪ್ ಮಾಡುವುದೇ ಆಗುತ್ತಿರಲಿಲ್ಲ. ಆ ಕೆಲಸದ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ವೆಬ್‌ಗೆ ಬೇಕಾದದ್ದು ಯುನಿಕೋಡ್. ಅದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ, ಯಾವ ಫೋನಿನಲ್ಲಾದರೂ ಓದಬಹುದು, ಹುಡುಕಿದರೆ ಸಿಗುತ್ತದೆ.

ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಕಡೆ ಹಾಕಿದರೆ ಇನ್ನೊಂದು ಕಡೆ ಬರುತ್ತದೆ. ಆಮೇಲೆ ಒಂದೊಂದು ಸಾಲನ್ನೂ ಮೂಲದ ಪಕ್ಕ ಇಟ್ಟು ಓದಬೇಕು. ನಾನು ವಿಶೇಷವಾಗಿ ನೋಡಿದ್ದು ಮೂರು ಕಡೆ. ಮೊದಲನೆಯದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. "ವರ್ಷ", "ಖರ್ಚು", "ಮಾರ್ಗ" ಇಂಥ ಪದಗಳು ಸರಿಯಾಗಿ ಬಂದಿವೆಯಾ ನೋಡಿ. ಎರಡನೆಯದು, ಕನ್ನಡದ ನಡುವೆ ಇಂಗ್ಲಿಷಿನಲ್ಲೇ ಬರೆದಿದ್ದ ತಳಿ ಹೆಸರುಗಳು. ಪರಿವರ್ತಕ ಅವನ್ನೂ ನುಡಿ ಸಂಕೇತ ಅಂತಲೇ ತಿಳಿದು ಅರ್ಥವಿಲ್ಲದ ಕನ್ನಡ ಮಾಡುತ್ತದೆ. ಅವನ್ನು ಕೈಯಲ್ಲೇ ಟೈಪ್ ಮಾಡಿದೆ. ಮೂರನೆಯದು ಬೆಲೆಗಳು. ಅಂಕಿ ತಪ್ಪಿದರೆ ಜಗಳಕ್ಕೆ ದಾರಿ, ಹಾಗಾಗಿ ಚಿಕ್ಕಮ್ಮ ಓದಿದರು, ನಾನು ಟಿಕ್ ಹಾಕಿದೆ.

ಇನ್ನೊಂದು ಸಣ್ಣ ವಿಷಯ. "ಪಾರ್ಕಿಂಗ್‌ಗೆ" ಅಂತ ಬರೆಯುವಾಗ ಗ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ಇಲ್ಲದಿದ್ದರೆ "ಪಾರ್ಕಿಂಗ್ಗೆ" ಅಂತ ಒತ್ತಕ್ಷರ ಆಗುತ್ತದೆ. ಅದರ ಹೆಸರು ಜೀರೊ ವಿಡ್ತ್ ನಾನ್ ಜಾಯ್ನರ್. ಮೊಬೈಲಿನ ಕೆಲವು ಕನ್ನಡ ಕೀಬೋರ್ಡ್‌ಗಳಲ್ಲಿ ಇದಕ್ಕೆ ಕೀಲಿ ಇದೆ. ಇಲ್ಲದಿದ್ದರೆ ಎಲ್ಲಿಂದಲಾದರೂ ಕಾಪಿ ಮಾಡಿಕೊಳ್ಳಬಹುದು.

ಪುಟದ ತಲೆಭಾಗ ಮತ್ತು ಅಕ್ಷರ

ಎಚ್‌ಟಿಎಂಎಲ್ ಕಡತದ ತಲೆಭಾಗದಲ್ಲಿ ಮೂರು ವಿಷಯ ಇರಲೇಬೇಕು. ಅಕ್ಷರ ಸಂಕೇತ ಯುಟಿಎಫ್-8 ಅಂತ ಹೇಳುವ ಮೆಟಾ ಸಾಲು ಒಂದು. ಮೊಬೈಲ್ ಪರದೆಯ ಅಗಲಕ್ಕೆ ಪುಟ ಹೊಂದಿಕೊಳ್ಳಲಿ ಅನ್ನುವ ವ್ಯೂಪೋರ್ಟ್ ಸಾಲು ಇನ್ನೊಂದು. ಅದಿಲ್ಲದೆ ಹೋದರೆ ಮೊಬೈಲಿನಲ್ಲಿ ಪುಟ ಇರುವೆ ಗಾತ್ರದ ಅಕ್ಷರದಲ್ಲಿ ತೆರೆಯುತ್ತದೆ. ಮೂರನೆಯದು ಭಾಷೆ ಕನ್ನಡ ಅಂತ ತಿಳಿಸುವ ಲ್ಯಾಂಗ್ ಗುರುತು, ಅದಕ್ಕೆ ಕೆಎನ್ ಅನ್ನುವ ಎರಡಕ್ಷರ ಸಾಕು. ಕಣ್ಣು ಕಾಣದವರು ಬಳಸುವ, ಪುಟವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಈ ಗುರುತು ನೋಡಿಯೇ ಕನ್ನಡದ ದನಿಗೆ ಬದಲಾಗುತ್ತದೆ. ಇದನ್ನು ಬಿಟ್ಟ ಕನ್ನಡ ಸೈಟುಗಳು ಬಹಳ ಇವೆ. ಎರಡಕ್ಷರದ ಕೆಲಸ, ದಯವಿಟ್ಟು ಹಾಕಿ.

ಫಾಂಟ್ ವಿಷಯದಲ್ಲಿ ಆಸೆಪಡಲಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಕನ್ನಡಕ್ಕೆ ಬಾಲೂ ತಮ್ಮ, ಅನೇಕ್, ಬೆಣ್ಣೆ, ಹುಬ್ಬಳ್ಳಿ ಅಂತ ಒಳ್ಳೊಳ್ಳೆಯವು ಇವೆ. ಆದರೆ ಗುಣಿತ, ಒತ್ತು ಎಲ್ಲ ಸೇರಿ ಕನ್ನಡ ಫಾಂಟಿನಲ್ಲಿ ಆಕಾರಗಳು ಜಾಸ್ತಿ, ಕಡತವೂ ದಪ್ಪ. ಫೋನಿನಲ್ಲಿ ಈಗಾಗಲೇ ಇರುವ ಫಾಂಟನ್ನೇ ಬಳಸಿದರೆ ಒಂದು ಬೈಟೂ ಇಳಿಸಿಕೊಳ್ಳಬೇಕಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಇದೆ, ವಿಂಡೋಸ್‌ನಲ್ಲಿ ನಿರ್ಮಲಾ, ಹಳೆಯ ವಿಂಡೋಸ್‌ನಲ್ಲಿ ತುಂಗಾ ಇವೆ, ಐಫೋನಿನಲ್ಲಿ ಕನ್ನಡ ಸಂಗಮ್ ಇದೆ. ಸಿಎಸ್‌ಎಸ್‌ನಲ್ಲಿ ಈ ಹೆಸರುಗಳನ್ನು ಸಾಲಾಗಿ ಕೊಟ್ಟರೆ ಯಾವುದು ಇದೆಯೋ ಅದನ್ನು ಬ್ರೌಸರ್ ತೆಗೆದುಕೊಳ್ಳುತ್ತದೆ.

ಇಂಗ್ಲಿಷ್ ಪುಟಗಳಿಗಾಗಿ ಬರೆದ ಸಿಎಸ್‌ಎಸ್ ಮಾದರಿಗಳನ್ನು ಹಾಗೇ ಎತ್ತಿಕೊಂಡರೆ ಕನ್ನಡ ಉಸಿರುಗಟ್ಟುತ್ತದೆ. ನಮ್ಮಲ್ಲಿ ಅಕ್ಷರದ ಮೇಲೂ ಗುರುತು, ಕೆಳಗೂ ಒತ್ತು. ಸಾಲಿನ ಎತ್ತರ 1.7 ಇಟ್ಟೆ, ಅಕ್ಷರದ ಗಾತ್ರ 18 ಪಿಕ್ಸೆಲ್. ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬೇಡ. ಕನ್ನಡದ ಪದಗಳು ಉದ್ದ, ಸಣ್ಣ ಪರದೆಯಲ್ಲಿ ಪದಗಳ ನಡುವೆ ದೊಡ್ಡ ಸಂದು ಬೀಳುತ್ತದೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಗುಣವನ್ನೂ ತೆಗೆದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಕಡು ಹಸಿರು ಬಟನ್, ದರಪಟ್ಟಿಯ ಸ್ಥಿತಿ ತೋರಿಸುವುದನ್ನು ಬಿಟ್ಟರೆ ಇಷ್ಟೇ ಬಣ್ಣ.

ಫೋಟೊ

ಮೊಬೈಲಿನಲ್ಲಿ ತೆಗೆದ ಫೋಟೊ ಒಂದೊಂದೂ 4,000 ಪಿಕ್ಸೆಲ್ ಅಗಲ, ಕೆಲವು ಎಂಬಿ ತೂಕ. ಹಾಗೇ ಹಾಕಿದರೆ ಹಳ್ಳಿಯ ಸಿಗ್ನಲ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ನೋಡುವವರು ಎದ್ದು ಹೋಗಿರುತ್ತಾರೆ. ಸ್ಕ್ವೂಶ್ ಅಂತ ಒಂದು ಪುಕ್ಕಟೆ ಸಾಧನ ಬ್ರೌಸರ್‌ನಲ್ಲೇ ನಡೆಯುತ್ತದೆ. ಅದರಲ್ಲಿ ಅಗಲ 1,200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಚಿತ್ರ ರೂಪದಲ್ಲಿ, ಗುಣಮಟ್ಟ 75ರ ಹತ್ತಿರ ಇಟ್ಟು ಉಳಿಸಿದೆ. ಗಾತ್ರ 200 ಕೆಬಿ ಒಳಗೆ ಬಂತು, ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಪ್ರತಿ ಚಿತ್ರದ ಟ್ಯಾಗಿನಲ್ಲಿ ಅಗಲ, ಎತ್ತರ ಬರೆದೆ. ಆಗ ಚಿತ್ರ ಬರುವ ಮೊದಲೇ ಅದರ ಜಾಗ ಖಾಲಿ ಇರುತ್ತದೆ, ಓದುವಾಗ ಸಾಲು ಜಿಗಿಯುವುದಿಲ್ಲ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿದೆ, ನೋಡುವವರು ಅಲ್ಲಿಗೆ ಸರಿಸಿದಾಗಲೇ ಅವು ಇಳಿಯುತ್ತವೆ. ಚಿತ್ರ ಕಾಣದಿದ್ದಾಗ ಓದಿಸುವ ವಿವರಣೆಯನ್ನು ಕನ್ನಡದಲ್ಲೇ ಕೊಟ್ಟೆ: "ಹತ್ತು ತಿಂಗಳ ತೆಂಗಿನ ಸಸಿ, ಬುಡ ದಪ್ಪ ಇರುವುದನ್ನು ಗಮನಿಸಿ" ಅಂತ.

ಕಡತಗಳ ಹೆಸರನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಖಾಲಿ ಜಾಗ ಇಲ್ಲದೆ ಇಡಿ. ವಿಂಡೋಸ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಎರಡೂ ಒಂದೇ. ಸರ್ವರ್‌ಗೆ ಬೇರೆ ಬೇರೆ. ಮನೆಯಲ್ಲಿ ಕಾಣುವ ಚಿತ್ರ ಆನ್‌ಲೈನ್‌ನಲ್ಲಿ ಕಾಣದಿದ್ದರೆ ಮೊದಲು ಇದನ್ನೇ ಪರೀಕ್ಷಿಸಿ.

ದರಪಟ್ಟಿಯನ್ನು ಚಿಕ್ಕಮ್ಮನೇ ಬದಲಾಯಿಸಬೇಕು

ಇಡೀ ಸೈಟಿನಲ್ಲಿ ಆಗಾಗ ಬದಲಾಗುವುದು ದರಪಟ್ಟಿ ಮಾತ್ರ. ಒಂದು ಲೋಡ್ ಸಸಿ ಬೆಳಿಗ್ಗೆ ಇರುತ್ತದೆ, ಸಂಜೆಗೆ ಖಾಲಿ. ಪ್ರತಿ ಸಲ ನನಗೆ ಫೋನ್ ಮಾಡಿ, ನಾನು ಕೋಡ್ ತೆಗೆದು ತಿದ್ದುವುದು ನಡೆಯುವ ಮಾತಲ್ಲ. ಹಾಗೆ ಶುರುವಾದ ಸೈಟುಗಳಲ್ಲೇ ಮೂರು ವರ್ಷದ ಹಿಂದಿನ ಬೆಲೆ ಕೂತಿರುತ್ತದೆ. ತಪ್ಪು ಬೆಲೆ ತೋರಿಸುವ ಪುಟಕ್ಕಿಂತ ಪುಟ ಇಲ್ಲದಿರುವುದು ವಾಸಿ.

ಚಿಕ್ಕಮ್ಮನ ಫೋನಿನಲ್ಲಿ ಗೂಗಲ್ ಶೀಟ್ಸ್ ಹಾಕಿಕೊಟ್ಟೆ. ಒಂದು ಹಾಳೆ, ನಾಲ್ಕು ಕಾಲಂ: ಗಿಡ, ವಯಸ್ಸು, ಬೆಲೆ, ಸ್ಥಿತಿ. ಸ್ಥಿತಿಯ ಕಾಲಂನಲ್ಲಿ ಟೈಪ್ ಮಾಡುವಂತಿಲ್ಲ. "ಇದೆ", "ಕಡಿಮೆ ಉಳಿದಿದೆ", "ಮುಗಿದಿದೆ" ಈ ಮೂರರಲ್ಲಿ ಒಂದನ್ನು ಆರಿಸಬೇಕು. ಡೇಟಾ ವ್ಯಾಲಿಡೇಷನ್‌ನಲ್ಲಿ ಡ್ರಾಪ್‌ಡೌನ್ ಮಾಡಿದ್ದೇನೆ. ಮೇಲೊಂದು ಕೋಶದಲ್ಲಿ ಬೆಲೆ ತಿದ್ದಿದ ದಿನಾಂಕ. ಆ ದಿನಾಂಕ ಪುಟದಲ್ಲೂ ಕಾಣುತ್ತದೆ. ನೋಡುವವರಿಗೆ ನಂಬಿಕೆ ಬರುವುದು ಅದರಿಂದ.

ಆ ಹಾಳೆಯನ್ನು ವೆಬ್‌ಗೆ ಪ್ರಕಟಿಸುವ ಆಯ್ಕೆ ಶೀಟ್ಸ್‌ನಲ್ಲೇ ಇದೆ, ಕಂಪ್ಯೂಟರ್‌ನಲ್ಲಿ ಫೈಲ್ ಮೆನು ಒಳಗೆ. ಪ್ರಕಟಿಸುವಾಗ ಇಡೀ ಕಡತದ ಬದಲು ಆ ಒಂದು ಹಾಳೆಯನ್ನು ಮಾತ್ರ ಆರಿಸಿ. ಉದ್ರಿ ಲೆಕ್ಕ, ಗಿರಾಕಿಗಳ ಫೋನ್ ನಂಬರ್ ಇರುವ ಕಡತದಲ್ಲಿ ದರಪಟ್ಟಿ ಇಡಲೇಬೇಡಿ, ಅದಕ್ಕೆ ಬೇರೆ ಕಡತವೇ ಇರಲಿ. ರೂಪ ಯಾವುದು ಅಂತ ಕೇಳಿದಾಗ ಟಿಎಸ್‌ವಿ ಆರಿಸಿದೆ. ಹೆಚ್ಚಿನ ಕಡೆ ಸಿಎಸ್‌ವಿ ಬಳಸಿ ಅಂತಾರೆ. ಅದರಲ್ಲಿ ಕಾಲಂಗಳ ನಡುವೆ ಅಲ್ಪವಿರಾಮ ಇರುತ್ತದೆ. ಚಿಕ್ಕಮ್ಮ "1,200" ಅಂತಲೋ "ಮಾವು, ಬಾದಾಮಿ" ಅಂತಲೋ ಬರೆದರೆ ಸರಳ ಕೋಡ್ ದಿಕ್ಕುತಪ್ಪುತ್ತದೆ. ಟಿಎಸ್‌ವಿಯಲ್ಲಿ ನಡುವೆ ಇರುವುದು ಟ್ಯಾಬ್. ಮೊಬೈಲಿನಲ್ಲಿ ಯಾರೂ ಟ್ಯಾಬ್ ಒತ್ತುವುದಿಲ್ಲ.

ಪುಟದಲ್ಲಿ ಇಪ್ಪತ್ತು ಸಾಲಿನಷ್ಟು ಜಾವಾಸ್ಕ್ರಿಪ್ಟ್ ಇದೆ. ಫೆಚ್ ಅನ್ನುವ ಆದೇಶದ ಮೂಲಕ ಆ ಕೊಂಡಿಯಿಂದ ಪಠ್ಯ ತರುತ್ತದೆ, ಸಾಲುಸಾಲಾಗಿ ಒಡೆಯುತ್ತದೆ, ಪ್ರತಿ ಸಾಲನ್ನು ಟ್ಯಾಬ್ ಇರುವ ಕಡೆ ಒಡೆಯುತ್ತದೆ, ಟೇಬಲಿಗೆ ಸೇರಿಸುತ್ತದೆ, ಸ್ಥಿತಿಗೆ ತಕ್ಕ ಬಣ್ಣ ಹಾಕುತ್ತದೆ. ಎರಡು ಕಡೆ ಎಚ್ಚರ ಬೇಕು. ಸಾಲಿನ ಕೊನೆಯಲ್ಲಿ ಕಾಣದ ಅಕ್ಷರ ಉಳಿದಿರಬಹುದು, ಟ್ರಿಮ್ ಆದೇಶದಿಂದ ತೆಗೆದುಹಾಕಿ. ಇಲ್ಲದಿದ್ದರೆ "ಇದೆ" ಅನ್ನುವುದು "ಇದೆ"ಗೆ ಸಮ ಅಂತ ಕೋಡ್ ಒಪ್ಪುವುದಿಲ್ಲ, ಹಸಿರು ಬಣ್ಣ ಬರುವುದಿಲ್ಲ. ಇನ್ನೊಂದು, ಪಠ್ಯವನ್ನು ಬರೀ ಅಕ್ಷರವಾಗಿ ತೋರಿಸುವ ಟೆಕ್ಸ್ಟ್‌ಕಂಟೆಂಟ್ ಮೂಲಕ ತುಂಬಿಸಿ. ಇನ್ನರ್‌ಎಚ್‌ಟಿಎಂಎಲ್ ಬಳಸಿದರೆ ಹಾಳೆಯಲ್ಲಿ ಏನಾದರೂ ಕೋಡ್ ಸೇರಿಕೊಂಡಾಗ ಅದೂ ಪುಟದಲ್ಲಿ ನಡೆದುಬಿಡುತ್ತದೆ.

ಹಾಳೆ ಬರದೇ ಹೋದರೆ? ಎಚ್‌ಟಿಎಂಎಲ್ ಒಳಗೇ ಗಿಡಗಳ ಹೆಸರಿನ ಒಂದು ಸಾದಾ ಟೇಬಲ್ ಇಟ್ಟಿದ್ದೇನೆ, ಬೆಲೆಯ ಜಾಗದಲ್ಲಿ "ಫೋನ್ ಮಾಡಿ" ಅಂತ. ಶೀಟಿನಿಂದ ಮಾಹಿತಿ ಬಂದರೆ ಮಾತ್ರ ಆ ಟೇಬಲ್ ಬದಲಾಗುತ್ತದೆ. ಹಾಗಾಗಿ ಪುಟ ಎಂದೂ ಖಾಲಿ ಕಾಣುವುದಿಲ್ಲ. ಚಿಕ್ಕಮ್ಮ ಶೀಟಿನಲ್ಲಿ ತಿದ್ದಿದ ಕೆಲವು ನಿಮಿಷಕ್ಕೆ ಸೈಟಿನಲ್ಲಿ ಬದಲಾಗುತ್ತದೆ. ಮೊದಲ ಸಲ ನುಗ್ಗೆ ಸಸಿಯನ್ನು "ಮುಗಿದಿದೆ" ಮಾಡಿ, ನನ್ನ ಫೋನಿನಲ್ಲಿ ಕೆಂಪಾದದ್ದು ನೋಡಿ, "ಇದು ನಾನೇ ಮಾಡಿದ್ದಾ?" ಅಂದರು. ಈಗ ದಿನಾ ಸಂಜೆ ಅವರೇ ತಿದ್ದುತ್ತಾರೆ.

ಬಟನ್‌ಗಳು, ದಾರಿ

ಫೋನ್ ಬಟನ್ ಸುಲಭ. ಕೊಂಡಿಯ ಮುಂದೆ ಟೆಲ್ ಅಂತ ಹಾಕಿ ನಂಬರ್ ಕೊಟ್ಟರೆ ಒತ್ತಿದ ಕೂಡಲೇ ಡಯಲರ್ ತೆರೆಯುತ್ತದೆ. ವಾಟ್ಸ್‌ಆ್ಯಪ್‌ಗೆ ಡಬ್ಲ್ಯೂಎ ಡಾಟ್ ಎಂಇ ಅನ್ನುವ ಅದರದೇ ಚಿಕ್ಕ ವಿಳಾಸ ಇದೆ. ಅದರ ಮುಂದೆ 91 ಸೇರಿಸಿ ನಂಬರ್, ಪ್ಲಸ್ ಚಿಹ್ನೆ ಬೇಡ, ಸೊನ್ನೆ ಬೇಡ. ಜೊತೆಗೆ ಮೊದಲೇ ಬರೆದ ಸಂದೇಶವನ್ನೂ ಕೊಡಬಹುದು. ಆದರೆ ವಿಳಾಸದ ಒಳಗೆ ಒಂದೊಂದು ಕನ್ನಡ ಚಿಹ್ನೆಯೂ ಒಂಬತ್ತು ಅಕ್ಷರದ ಸಂಕೇತವಾಗಿ ಹಿಗ್ಗುತ್ತದೆ. "ತೆಂಗಿನ ಸಸಿ" ಅನ್ನುವಷ್ಟಕ್ಕೇ 84 ಅಕ್ಷರ. ನಾನು "ಸಸಿ ಬೇಕಿತ್ತು" ಅಂತ ಚಿಕ್ಕದಾಗಿ ಇಟ್ಟೆ. ಬಟನ್ ಎತ್ತರ 48 ಪಿಕ್ಸೆಲ್‌ಗೆ ಕಡಿಮೆ ಬೇಡ. ಮಣ್ಣು ಮೆತ್ತಿದ ಕೈಯಲ್ಲಿ, ದಪ್ಪ ಬೆರಳಲ್ಲಿ ಒತ್ತುವವರೇ ನಮ್ಮ ಗಿರಾಕಿಗಳು.

ಗೂಗಲ್ ಮ್ಯಾಪನ್ನು ಪುಟದ ಒಳಗೆ ಕೂರಿಸಲಿಲ್ಲ, ಅದು ಭಾರ. ಬರೀ ಕೊಂಡಿ ಕೊಟ್ಟು, ಪಕ್ಕದಲ್ಲಿ ಮಾತಿನಲ್ಲಿ ದಾರಿ ಬರೆದೆ: ಯಾವ ಬಸ್ಸು, ಯಾವ ಸ್ಟಾಪು, ಯಾವ ಮರದ ಹತ್ತಿರ ಎಡಕ್ಕೆ.

ಎಲ್ಲಿ ಇಡುವುದು, ಯಾವ ಹೆಸರು

ಪುಕ್ಕಟೆ ಹೋಸ್ಟಿಂಗ್‌ನಲ್ಲಿ, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನವರ ಗಿಟ್‌ಹಬ್ ಪೇಜಸ್ ಬಹಳ ಹೆಸರುವಾಸಿ. ಸ್ವಂತ ಪರಿಚಯದ ಪುಟ, ಶಾಲೆಯ ಪುಟ, ಊರ ಇತಿಹಾಸ ಇಂಥದಕ್ಕೆ ಒಳ್ಳೆಯದು. ಆದರೆ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸಬಾರದು ಅಂತ ಅವರ ನಿಯಮದಲ್ಲೇ ಇದೆ. ನಮ್ಮದು ಅಂಗಡಿಯ ಪುಟ, ಗಡಿಯ ಹತ್ತಿರ ಯಾಕೆ ಹೋಗಬೇಕು? ಅದೇ ಥರದ ಕ್ಲೌಡ್‌ಫ್ಲೇರ್ ಪೇಜಸ್ ಆರಿಸಿಕೊಂಡೆ. ಸಾದಾ ಕಡತಗಳಿಗೆ ಪುಕ್ಕಟೆ, ಎಷ್ಟು ಜನ ನೋಡಿದರೂ ಬಿಲ್ ಇಲ್ಲ, ಒಂದು ಕಡತ 25 ಎಂಬಿ ಮೀರಬಾರದು. ಕಡತಗಳನ್ನು ನೇರ ಎಳೆದು ಹಾಕಬಹುದು, ಇಲ್ಲವೇ ಗಿಟ್‌ಹಬ್‌ಗೆ ಜೋಡಿಸಬಹುದು. ನೇರ ಹಾಕಿ ಶುರು ಮಾಡಿದ ಪ್ರಾಜೆಕ್ಟನ್ನು ಆಮೇಲೆ ಗಿಟ್‌ಹಬ್‌ಗೆ ಜೋಡಿಸಲು ಬರುವುದಿಲ್ಲ, ಹೊಸದಾಗಿ ಮಾಡಬೇಕು. ಆದ್ದರಿಂದ ಮೊದಲ ದಿನವೇ ಗಿಟ್‌ಹಬ್‌ನಲ್ಲಿ ಖಾಸಗಿ ರೆಪೊಸಿಟರಿ, ಅಂದರೆ ಕಡತಗಳನ್ನು ಇಡುವ ಜಾಗ, ಮಾಡಿ ಜೋಡಿಸಿದೆ. ಹೀಗೆ ಮಾಡಿದರೆ ಹಳೆಯ ಆವೃತ್ತಿಗಳೆಲ್ಲ ಉಳಿದಿರುತ್ತವೆ, ಬ್ಯಾಕಪ್ ಬೇರೆ ಬೇಡ.

ಅವರು ಕೊಡುವ ಪುಕ್ಕಟೆ ವಿಳಾಸದಲ್ಲೇ ನಿಲ್ಲಬಹುದಿತ್ತು. ಆದರೆ ಬೋರ್ಡಿನ ಮೇಲೆ, ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕುವ ವಿಳಾಸ ನಮ್ಮದೇ ಇರಬೇಕು. ನಾಳೆ ಹೋಸ್ಟಿಂಗ್ ಬದಲಾಯಿಸಿದರೂ ಹೆಸರು ಹಾಗೇ ಇರುತ್ತದೆ. ದುಡ್ಡು ಕೊಡುವುದಾದರೆ ಈ ಒಂದಕ್ಕೆ ಕೊಡಿ. ಡಾಟ್ ಇನ್ ಹೆಸರು ಕೊಂಡೆವು. ಫೋನಿನಲ್ಲಿ ಒಮ್ಮೆ ಹೇಳಿದರೆ ಬರೆದುಕೊಳ್ಳುವಂಥ ಚಿಕ್ಕ ಹೆಸರು, ನಡುಗೆರೆ ಇಲ್ಲ, ಅಂಕಿ ಇಲ್ಲ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರೂ ಸಿಗುತ್ತದೆ. ನನಗೆ ಅದರ ಮೇಲೆ ಆಸೆ ಇದೆ, ಎರಡನೆಯ ವಿಳಾಸವಾಗಿ ಮುಂದೆ ಸೇರಿಸುತ್ತೇನೆ. ಈಗ ಮೊದಲನೆಯದಾಗಿ ಇಡದಿರಲು ಕಾರಣ, ಕಾಪಿ ಮಾಡಿ ಕಳಿಸುವಾಗ ಕೆಲವು ಕಡೆ ಅದು ಓದಲಾಗದ ಇಂಗ್ಲಿಷ್ ಸಂಕೇತವಾಗಿ ಕಾಣುತ್ತದೆ.

ಕೊಳ್ಳುವಾಗ ಎರಡು ಬೆಲೆ ನೋಡಿ: ಮೊದಲ ವರ್ಷದ್ದು, ನವೀಕರಣದ್ದು. ಮೊದಲ ವರ್ಷ ಅಗ್ಗ ತೋರಿಸಿ ಎರಡನೆಯ ವರ್ಷ ಏರಿಸುವುದು ಸಾಮಾನ್ಯ. ಜೊತೆಗೆ ಎಸ್‌ಎಸ್‌ಎಲ್, ಇಮೇಲ್, ಹೋಸ್ಟಿಂಗ್ ಅಂತ ಬುಟ್ಟಿಗೆ ತುಂಬುತ್ತಾರೆ. ಎಲ್ಲ ತೆಗೆದುಹಾಕಿ. ಬೀಗದ ಗುರುತು ಬರಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು ಹೋಸ್ಟಿಂಗ್ ಕಡೆಯಿಂದಲೇ ಪುಕ್ಕಟೆ ಕೊಡುತ್ತಾರೆ. ಖಾತೆ ಚಿಕ್ಕಪ್ಪನ ಹೆಸರಿನಲ್ಲಿ, ಅವರದೇ ಇಮೇಲ್, ಅವರದೇ ಫೋನ್. "ನಿನ್ನ ಹೆಸರಲ್ಲೇ ಇರ್ಲಿ ಬಿಡಮ್ಮ" ಅಂದರು. ನಾನು ಒಪ್ಪಲಿಲ್ಲ. ಮಾಡಿಕೊಟ್ಟವರ ಹೆಸರಲ್ಲಿ ಡೊಮೇನ್ ಇದ್ದು, ಆಮೇಲೆ ಅವರು ಫೋನ್ ಎತ್ತದೆ ಹೋದರೆ ಅಂಗಡಿಯವರ ವಿಳಾಸವೇ ಕೈಬಿಟ್ಟಂತೆ.

ಹೆಸರನ್ನು ಸೈಟಿಗೆ ಜೋಡಿಸಲು, ಡೊಮೇನ್ ಕೊಂಡ ಕಡೆ ಹೆಸರು ಯಾವ ಸೈಟಿಗೆ ಹೋಗಬೇಕು ಅಂತ ಹೇಳುವ ನೇಮ್‌ಸರ್ವರ್ ಜಾಗದಲ್ಲಿ ಕ್ಲೌಡ್‌ಫ್ಲೇರ್ ಕೊಟ್ಟ ಎರಡು ಹೆಸರು ಹಾಕಬೇಕು. ಎಲ್ಲ ಕಡೆ ಹರಡಲು ಒಂದೆರಡು ದಿನ ಹಿಡಿದರೂ ಗಾಬರಿ ಬೇಡ. ನಮ್ಮದು ಅದೇ ದಿನ ಆಯಿತು.

ಬಿಸಿಲಿನಲ್ಲಿ ಪರೀಕ್ಷೆ

ಕಂಪ್ಯೂಟರ್‌ನಲ್ಲಿ ಕ್ರೋಮ್‌ನ ಡೆವಲಪರ್ ಸಾಧನದಲ್ಲಿ ನೆಟ್ ನಿಧಾನ ಮಾಡಿ ನೋಡುವ ಆಯ್ಕೆ ಇದೆ. ಅದರಲ್ಲಿ ನೋಡಿದೆ, ಪುಟದ ವೇಗ ಅಳೆಯುವ ಲೈಟ್‌ಹೌಸ್ ಪರೀಕ್ಷೆಯನ್ನೂ ಓಡಿಸಿದೆ. ಆದರೆ ನಿಜವಾದ ಪರೀಕ್ಷೆ ನಡೆದದ್ದು ನರ್ಸರಿಯ ಅಂಗಳದಲ್ಲಿ. ಅಲ್ಲಿ ಕೆಲಸ ಮಾಡುವ ಹುಡುಗನ ಹಳೆಯ ಆಂಡ್ರಾಯ್ಡ್ ಫೋನ್, ಗಾಜು ಬಿರುಕು ಬಿಟ್ಟಿದೆ, ಮಧ್ಯಾಹ್ನದ ಬಿಸಿಲು, ಎರಡು ಕಡ್ಡಿ ಸಿಗ್ನಲ್. ಪುಟ ತೆರೆಯಿತು. "ಕಡಿಮೆ ಉಳಿದಿದೆ" ಅನ್ನುವುದಕ್ಕೆ ಇಟ್ಟಿದ್ದ ತಿಳಿ ಹಳದಿ ಬಿಸಿಲಿಗೆ ಏನೂ ಕಾಣಲಿಲ್ಲ. ಅದನ್ನು ಕಡು ಕಿತ್ತಳೆ ಮಾಡಿದೆ. ನಾಲ್ಕು ಕಾಲಂ ಆ ಪರದೆಗೆ ಇಕ್ಕಟ್ಟಾಯಿತು, ಹಾಗಾಗಿ ವಯಸ್ಸನ್ನು ಗಿಡದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ತಂದೆ. ಶೀಟಿನಲ್ಲಿ ನಾಲ್ಕು, ಪುಟದಲ್ಲಿ ಮೂರು.

ವಾಟ್ಸ್‌ಆ್ಯಪ್‌ನಲ್ಲಿ ಕೊಂಡಿ ಕಳಿಸಿದಾಗ ಚಿತ್ರ, ಹೆಸರು ಕಾಣಬೇಕಾದರೆ ತಲೆಭಾಗದಲ್ಲಿ ಓಪನ್ ಗ್ರಾಫ್ ಅನ್ನುವ ಮೆಟಾ ಸಾಲುಗಳು ಬೇಕು. ಚಿತ್ರದ ವಿಳಾಸ ಪೂರ್ತಿ ಇರಬೇಕು, 1,200ಕ್ಕೆ 630 ಅಳತೆ ಚೆನ್ನಾಗಿ ಕೂರುತ್ತದೆ. ನಮ್ಮ ಕಡೆ ಸೈಟು ಹರಡುವುದೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅಲ್ವಾ? ಇದನ್ನು ಕೊನೆಗೆ ಅಂತ ಬಿಡಬೇಡಿ.

ಸೈಟಿನ ಜೊತೆಗೇ ಮಾಡಬೇಕಾದ ಇನ್ನೊಂದು ಕೆಲಸ ಗೂಗಲ್ ಬಿಸಿನೆಸ್ ಪ್ರೊಫೈಲ್. ಪುಕ್ಕಟೆ. ಮ್ಯಾಪಿನಲ್ಲಿ ಅಂಗಡಿ ಕಾಣುತ್ತದೆ, ತೆರೆದಿರುವ ಹೊತ್ತು ಕಾಣುತ್ತದೆ. ಅಂಗಡಿ ನಿಜಕ್ಕೂ ಇದೆ ಅಂತ ತೋರಿಸಲು ಬೋರ್ಡು, ರಸ್ತೆ ಎಲ್ಲ ಸೇರಿಸಿ ವಿಡಿಯೊ ಕೇಳಿದರು, ಚಿಕ್ಕಪ್ಪ ಬೋರ್ಡಿನ ಮುಂದೆ ನಿಂತರು, ತೆಗೆದು ಕಳಿಸಿದೆ. ಊರಿಗೆ ಹೊಸಬರು "ಹತ್ತಿರದ ನರ್ಸರಿ" ಅಂತ ಹುಡುಕಿದರೆ ಮೊದಲು ಕಾಣುವುದು ಈ ಪ್ರೊಫೈಲೇ. ಎರಡರಲ್ಲಿ ಒಂದನ್ನೇ ಮಾಡಲು ಹೊತ್ತಿದ್ದರೆ ಇದನ್ನು ಮೊದಲು ಮಾಡಿ, ಸೈಟು ಆಮೇಲೆ.

ಮಾಡುವುದು ಇನ್ನೂ ಇದೆ. ಅಡಿಕೆ ಸಸಿಯ ಬಗ್ಗೆಯೂ ತೆಂಗಿನದರಂತೆ ಒಂದು ಪ್ಯಾರಾ ಬೇಕು, ಚಿಕ್ಕಪ್ಪ ಹೇಳುವುದನ್ನು ರೆಕಾರ್ಡ್ ಮಾಡಿಕೊಂಡಿದ್ದೇನೆ, ಟೈಪ್ ಮಾಡಬೇಕು. ಕಸಿ ಹಲಸಿನ ಫೋಟೊ ಹಣ್ಣು ಬಿಟ್ಟಾಗ ಮತ್ತೆ ತೆಗೆಯಬೇಕು. ಡೊಮೇನ್ ನವೀಕರಣದ ತಾರೀಕನ್ನು ನರ್ಸರಿಯ ಗೋಡೆ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ದೇವೆ, ಒಂದು ತಿಂಗಳು ಮೊದಲೇ ಕಟ್ಟುವುದು ಅಂತ. ಬೋರ್ಡ್ ಬರೆಯುವವರು ಮುಂದಿನ ವಾರ ಬರುತ್ತಾರೆ. ವಿಳಾಸವನ್ನು ಫೋನ್ ನಂಬರಿನ ಕೆಳಗೆ, ಅದರಷ್ಟೇ ದಪ್ಪ ಅಕ್ಷರದಲ್ಲಿ ಬರೆಯಲು ಹೇಳಿದ್ದೇವೆ.